ತಂಪಾದ ದಿನದ ಬಿಸಿಲನ್ನು ನಂಬಬೇಡಿ

ಮೆಲ್ಬರ್ನ್‌ನಲ್ಲಿ ಡಿಸೆಂಬರ್ ಬೇಸಿಗೆ ಕಾಲ. ಆದರೂ ಕೆಲವು ದಿನ ಮಧ್ಯಾಹ್ನ 20 ಡಿಗ್ರಿ ದಾಟುವುದಿಲ್ಲ. ಕಾಲಿನ್ಸ್ ಸ್ಟ್ರೀಟ್‌ನ ಎರಡೂ ಕಡೆ ಎತ್ತರದ ಕಟ್ಟಡಗಳು, ತಣ್ಣನೆ ಗಾಳಿ, ಅರ್ಧ ಬೀದಿಗೆ ನೆರಳು. ಬೆಂಗಳೂರಿನವರಿಗೆ ಓಡಾಡಲು ಹೇಳಿ ಮಾಡಿಸಿದ ಹವೆ. ಅಂಥ ದಿನವೂ ಯುವಿ ಸೂಚ್ಯಂಕ, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಕಿರಣದ ತೀವ್ರತೆಯ ಅಳತೆ, 10 ದಾಟಬಹುದು. 3 ಮುಟ್ಟಿದರೇ ಮೈ ಮುಚ್ಚಿಕೊಳ್ಳಿ ಎನ್ನುವುದು ಇಲ್ಲಿನ ಲೆಕ್ಕ.

ನನ್ನ ಜೊತೆ ಊಟಕ್ಕೆ ಬರುವ ಸಹೋದ್ಯೋಗಿ ಸಿಗ್ನಲ್ ಹತ್ತಿರ, ಅದೂ ನೆರಳಿನಲ್ಲೇ ನಿಂತು, ಕೂದಲು ಸರಿಸಿ ಕಿವಿಯ ತುದಿಗೆ, ಕತ್ತಿನ ಹಿಂಭಾಗಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಾಳೆ. ನೆರಳಲ್ಲಿ ಯಾಕೆ? ಸೆಕೆ ತರುವ ಕಿರಣ ಬೇರೆ, ಚರ್ಮ ಸುಡುವ ಯುವಿ ಕಿರಣ ಬೇರೆ. ಯುವಿ ಗಾಳಿಯಲ್ಲಿ ಬಹಳ ಚದುರುತ್ತದೆ. ಮೋಡವೇ ಇಲ್ಲದ ದಿನವೂ ನಮ್ಮನ್ನು ತಾಗುವ ಯುವಿಯಲ್ಲಿ ಸುಮಾರು ಅರ್ಧ ಪಾಲು ಸೂರ್ಯನಿಂದ ನೇರವಾಗಿ ಅಲ್ಲ, ಸುತ್ತಲಿನ ನೀಲಿ ಆಕಾಶದಿಂದ ಬರುತ್ತದೆ. ಕಟ್ಟಡ ಸೂರ್ಯನನ್ನು ಮರೆ ಮಾಡಿದರೂ ತಲೆ ಮೇಲೆ ಆಕಾಶ ಕಾಣುತ್ತಿದ್ದರೆ ಯುವಿ ಇಳಿಯುತ್ತಲೇ ಇರುತ್ತದೆ. ಕಾಲಿನ್ಸ್ ಸ್ಟ್ರೀಟ್ ಸುಮಾರು 30 ಮೀಟರ್ ಅಗಲ, ಆಕಾಶ ಧಾರಾಳ. ಪಕ್ಕದ ಲಿಟಲ್ ಕಾಲಿನ್ಸ್ ಸುಮಾರು 10 ಮೀಟರ್, ಅಲ್ಲಿ ಆಕಾಶ ಒಂದು ಪಟ್ಟಿ ಅಷ್ಟೇ. ಎರಡರಲ್ಲೂ ನೆರಳಿದೆ, ಆದರೆ ಒಂದೇ ನೆರಳಲ್ಲ.

ಇಲ್ಲಿನವರ ಎಚ್ಚರಕ್ಕೆ ಕಾರಣವಿದೆ. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವಷ್ಟರಲ್ಲಿ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ. 1981ರಲ್ಲಿ ಶುರುವಾದ 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಪ್ರಚಾರ ಅಂಗಿ ತೊಡು, ಕ್ರೀಮು ಹಚ್ಚು, ಟೋಪಿ ಇಡು ಎಂದು ಒಂದು ತಲೆಮಾರಿಗೇ ಕಲಿಸಿತು. ಟೋಪಿ ತರದ ಮಗುವಿಗೆ ಶಾಲೆಯ ಮೈದಾನದಲ್ಲಿ ಆಟವಿಲ್ಲ. ಕಟ್ಟಡದ ಕೆಲಸಗಾರರು ಸುಡುವ ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ಹಾಕುತ್ತಾರೆ, ಹೆಲ್ಮೆಟ್ಟಿಗೆ ಅಗಲ ಅಂಚು ಸಿಕ್ಕಿಸಿಕೊಳ್ಳುತ್ತಾರೆ.

ಈ ಭಯವನ್ನು ಇದ್ದ ಹಾಗೇ ಊರಿಗೆ ಹೊತ್ತುಕೊಂಡು ಹೋಗಬೇಕು ಅಂತ ನಾನು ಹೇಳುತ್ತಿಲ್ಲ. ಕಪ್ಪು ಚರ್ಮದವರಿಗೆ ಈ ಕ್ಯಾನ್ಸರ್ ತುಂಬಾ ಕಡಿಮೆ. ವಿಟಮಿನ್ ಡಿಗೆ ಸ್ವಲ್ಪ ಬಿಸಿಲು ಬೇಕೇ ಬೇಕು. ಆದರೆ ಕಣ್ಣಿಗೆ ಮೈಬಣ್ಣದ ರಕ್ಷಣೆ ಇಲ್ಲವಲ್ಲ. ವರ್ಷಗಟ್ಟಲೆ ಯುವಿ ತಾಗಿದರೆ ಕಣ್ಣಿನ ಪೊರೆ ಬೇಗ ಬರಬಹುದು. ಬೆಂಗಳೂರಿನ ಯುವಿ ಮೆಲ್ಬರ್ನ್‌ಗಿಂತ ಸೌಮ್ಯವೇನೂ ಅಲ್ಲ. ಇಲ್ಲಿ ಚಳಿಗಾಲದಲ್ಲಿ ಸೂಚ್ಯಂಕ 3ರ ಕೆಳಗೆ ಬೀಳುತ್ತದೆ, ಅಲ್ಲಿ ಡಿಸೆಂಬರಿನ ಬಿಸಿಲಿರುವ ಮಧ್ಯಾಹ್ನವೂ ಬೀಳುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದೂ ಯುವಿಯನ್ನು ಇನ್ನಷ್ಟು ಏರಿಸುತ್ತದೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಗೇ ಬರುತ್ತಾನೆ. ಆಗ ಎಷ್ಟು ಎತ್ತರದ ಕಟ್ಟಡವಿದ್ದರೂ ಬೀದಿಗೆ ನೆರಳು ಬೀಳುವುದಿಲ್ಲ.

ಆದರೂ ನಾವು ಬಿಸಿಲನ್ನು ಸೆಕೆಯಿಂದಲೇ ಅಳೆಯುತ್ತೇವೆ. ಅಮ್ಮ ಇಲ್ಲಿಗೆ ಬಂದಾಗ, "ಇಷ್ಟು ತಂಪಾಗಿದೆ, ಟೋಪಿ ಯಾತಕ್ಕೋ?" ಅಂತ ಕೇಳುತ್ತಲೇ ಇದ್ದರು. ಬೆಂಗಳೂರಿನ ತಂಪು ಗಾಳಿಯೂ ನಮ್ಮನ್ನು ಹೀಗೇ ಮರೆಸುತ್ತದೆ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಉಪಾಯ ಮೊದಲಿನಿಂದಲೂ ಇತ್ತು. ಮಲ್ಲೇಶ್ವರಂ, ಜಯನಗರದ ಹಳೇ ರಸ್ತೆಗಳಲ್ಲಿ ಎರಡೂ ಬದಿಯ ಮರಗಳು ಮೇಲೆ ಕೂಡಿಕೊಂಡು ಆಕಾಶವನ್ನೇ ಮುಚ್ಚುತ್ತವೆ. ಕಟ್ಟಡಕ್ಕೆ ಆಗದ ಕೆಲಸ ಇದು. ಚಿಕ್ಕಪೇಟೆಯ ಗಲ್ಲಿಗಳಲ್ಲಿ ಅಂಗಡಿಯವರು ಕಟ್ಟುವ ಟಾರ್ಪಾಲೂ ಅದನ್ನೇ ಮಾಡುತ್ತದೆ. ರಸ್ತೆ ಅಗಲ ಮಾಡಲು ಸಾಲು ಮರ ಕಡಿದಾಗ ನಾವು ಸೆಕೆಯ ಬಗ್ಗೆ, ಹಕ್ಕಿಗಳ ಬಗ್ಗೆ ಮಾತಾಡುತ್ತೇವೆ. ತಲೆ ಮೇಲೆ ತೆರೆದುಕೊಂಡ ಆಕಾಶದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದರ ಏಟು ಬೀಳುವುದು ಎಸಿ ಕಾರಿನವರಿಗಲ್ಲ. ಪೌರಕಾರ್ಮಿಕರಿಗೆ, ಟ್ರಾಫಿಕ್ ಪೊಲೀಸರಿಗೆ, ಫುಟ್‌ಪಾತಿನಲ್ಲಿ ಕೂತು ಹೂ ಕಟ್ಟುವವರಿಗೆ. ಇವರಿಗೆಲ್ಲ ಅಗಲ ಅಂಚಿನ ಟೋಪಿ, ತುಂಬು ತೋಳಿನ ತೆಳು ಹತ್ತಿ ಅಂಗಿ, ಒಳ್ಳೆಯ ಕನ್ನಡಕ ಸಿಗಬೇಕು. ಮಧ್ಯಾಹ್ನದ ಹೊತ್ತು ಸರದಿಯ ಮೇಲೆ ನೆರಳಿಗೆ ಸರಿಯಲು ಬಿಡಬೇಕು. ಇದು ದೊಡ್ಡ ಖರ್ಚಲ್ಲ. ಇಷ್ಟರ ಜೊತೆಗೆ, ದಿನದ ಉಷ್ಣಾಂಶ ಹೇಳುವಾಗ ಪಕ್ಕದಲ್ಲಿ ಯುವಿ ಸಂಖ್ಯೆಯನ್ನೂ ಹೇಳುವ ರೂಢಿ ನಮ್ಮ ಪತ್ರಿಕೆಗಳಿಗೆ, ಟೀವಿಗಳಿಗೆ ಬರಲಿ.