ಬರ್ತೀನಿ ಅಂದ್ರೆ ಬನ್ನಿ, ಇಲ್ಲಾಂದ್ರೆ ಈಗಲೇ ಹೇಳಿ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಆಗಸ್ಟಿನಲ್ಲಿ ಶ್ರೀಲಂಕಾಕ್ಕೆ ಸರ್ಫಿಂಗ್‌ಗೆ, ಅಂದರೆ ಬೋರ್ಡಿನ ಮೇಲೆ ನಿಂತು ಅಲೆ ಏರಲು, ಹೊರಟಿರುವ ನಮ್ಮ ಗ್ರೂಪಿನಲ್ಲಿ ಮೂರು ಮೆಸೇಜ್. "ಸಾರಿ, ನನಗೆ ಆಗಲ್ಲ ಅನ್ಸುತ್ತೆ." ಅದರ ಕೆಳಗೆ ಇನ್ನೊಬ್ಬರು, "ಹಾಗಾದ್ರೆ ನಾನೂ ಡೌಟು." ಮೂರನೆಯವರು ಬಾಯಿಬಿಟ್ಟು ಹೇಳಲೂ ಇಲ್ಲ, ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗಿದ್ದಾರೆ. ಹೋದ ವಾರ ಇಬ್ಬರು ಹೋದರು, ಇವತ್ತು ಮೂವರು. 16 ಇದ್ದವರು ಈಗ 11.

ನನಗೆ ಸಿಟ್ಟು ಬಂದಿದೆ. ಮುಚ್ಚಿಡುವುದಿಲ್ಲ.

ಈ ಟ್ರಿಪ್ ಕಮ್ಮಿ ಖರ್ಚಿನಲ್ಲಿ ಆಗುತ್ತಿದ್ದದ್ದೇ ಜನ ಜಾಸ್ತಿ ಇದ್ದಾರೆ ಅಂತ. ಮನೆ ಬಾಡಿಗೆ 16 ಜನಕ್ಕೂ ಅಷ್ಟೇ, 11 ಜನಕ್ಕೂ ಅಷ್ಟೇ. ವ್ಯಾನಿಗೂ ಅಷ್ಟೇ, ಅಡುಗೆಯವರಿಗೂ ಅಷ್ಟೇ. ಅಂಥ ಖರ್ಚಿನಲ್ಲಿ ಮೊದಲು ನೂರು ರೂಪಾಯಿ ಕೊಡಬೇಕಿದ್ದವರು ಈಗ 145 ಕೊಡಬೇಕು. ಆ 45 ರೂಪಾಯಿ ಎಲ್ಲಿಂದ ಬರುತ್ತದೆ? ಮಾತು ಉಳಿಸಿಕೊಂಡವರ ಜೇಬಿನಿಂದ. ನಮ್ಮಲ್ಲಿ ಎಲ್ಲರಿಗಿಂತ ಮೊದಲು ಮುಂಗಡ ಹಾಕಿದವಳು ನನ್ನ ಚಿಕ್ಕಮ್ಮನ ಮಗಳು. ಶಾಲೆಯಲ್ಲಿ ಟೀಚರ್, ತೋಟ ಅಂತ ಹೇಳಿಕೊಳ್ಳುವಷ್ಟು ಏನೂ ಇಲ್ಲ. ಬೆಳಿಗ್ಗೆ ಅವಳೇ ಫೋನ್ ಮಾಡಿ, "ಅಕ್ಕ, ಇನ್ನೂ ಎಷ್ಟು ಜಾಸ್ತಿ ಆಗಬಹುದು? ಹೇಳಿಬಿಡಿ, ನೋಡ್ಕೊಳ್ತೀನಿ" ಅಂದಳು. ಏನು ಹೇಳಲಿ? ಬಿಟ್ಟುಹೋದ ಐದು ಜನರಲ್ಲಿ ಅವಳಿಗಿಂತ ಕಮ್ಮಿ ಇರುವವರು ಒಬ್ಬರೂ ಇಲ್ಲ.

"ತೋಟದವರ ಬದುಕು ಗೊತ್ತಲ್ವಾ, ಯಾವಾಗ ಏನು ಬರುತ್ತೋ" ಅಂತ ಒಬ್ಬರು ಸಮಾಧಾನ ಹೇಳಿದರು. ಗೊತ್ತು, ನಾನೂ ಈ ಕೊಡಗಿನವಳೇ. ಅದನ್ನೆಲ್ಲ ನೋಡಿಯೇ ದಿನ ಆರಿಸಿದ್ದು. ವೆಲಿಗಾಮದ ಕಡೆ, ಅಂದರೆ ಲಂಕೆಯ ದಕ್ಷಿಣ ತೀರದಲ್ಲಿ, ಅಲೆ ಚೆನ್ನಾಗಿರುವುದು ನವೆಂಬರಿನಿಂದ ಏಪ್ರಿಲ್‌ವರೆಗೆ. ಹೊಸಬರಿಗೆ ಅದೇ ಸಲೀಸು, ಮರಳಿನ ತಳ, ಕೊಲಂಬೋದಿಂದ ರೈಲೂ ಇದೆ. ಆದರೆ ನಮಗೆ ಅದು ಕಾಫಿ ಕುಯ್ಯುವ ಕಾಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ, ಅದು ಮುಗಿಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತಾ ಇಲ್ವಾ, ಸ್ಪ್ರಿಂಕ್ಲರ್ ಹಾಕಬೇಕಾ ಅನ್ನುವ ತಲೆಬಿಸಿ. ಆಮೇಲೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ, ಮದುವೆಗಳು. ಯಾರು ಬರುತ್ತಾರೆ?

ಅದಕ್ಕೇ ಆಗಸ್ಟಿನಲ್ಲಿ ಅರುಗಮ್ ಬೇ. ಅದು ಲಂಕೆಯ ಪೂರ್ವ ತೀರ. ಇಲ್ಲಿ ನಮಗೆ ಮಳೆ ಹೊಡೆಯುವಾಗ ಅಲ್ಲಿ ಒಣ ಹವೆ. ನಡುವಿನ ಬೆಟ್ಟಗಳು ಮುಂಗಾರನ್ನು ತಡೆದುಬಿಡುತ್ತವೆ. ಭಾಗಮಂಡಲದಲ್ಲಿ ಕೊಡೆ ಮಡಚಲು ಆಗದ ದಿನ ಕುಶಾಲನಗರದಲ್ಲಿ ಬಿಸಿಲು ಇರುವುದನ್ನು ನಾವೇ ನೋಡುತ್ತೇವಲ್ಲ, ಅದೇ ಲೆಕ್ಕ. ಆ ತಿಂಗಳುಗಳಲ್ಲಿ ಅಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಅಲೆ ಚೆಲ್ಲಾಪಿಲ್ಲಿಯಾಗದೆ ಚೊಕ್ಕವಾಗಿ ಎದ್ದು ನಿಲ್ಲುತ್ತದೆ. ಮೇನ್ ಪಾಯಿಂಟ್ ಅನ್ನುವ ಜಾಗದಲ್ಲಿ ತಳ ಬಂಡೆ, ಅದು ಕಲಿತವರಿಗೆ. ಹೊಸಬರಿಗೆ ಬೇಬಿ ಪಾಯಿಂಟ್, ವಿಸ್ಕಿ ಪಾಯಿಂಟ್ ಇದೆ. ಆಗಸ್ಟಿನಲ್ಲಿ ತೋಟದಲ್ಲಿ ಕೆಸರು, ಹೆಚ್ಚಿನ ಕೆಲಸ ನಡೆಯುವುದಿಲ್ಲ, ಕರೆಂಟೂ ಇರುವುದಿಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲೇ ವಾಪಸ್. ರಸ್ತೆ ಕುಸಿದರೆ ಅಂತ ಒಂದು ದಿನ ಮುಂಚೆ ಹೊರಟು ಮೈಸೂರಿನಲ್ಲಿ ಉಳಿಯುವುದನ್ನೂ ಲೆಕ್ಕಕ್ಕೆ ಹಿಡಿದಿದ್ದೆ. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡಗಳು ಕುಸಿದದ್ದನ್ನು ನೋಡಿದವರು ಅದನ್ನು ಮರೆಯುವುದಿಲ್ಲ.

ಇಷ್ಟೆಲ್ಲ ಆದಮೇಲೂ "ತೋಟ" ಅಂದರೆ ಒಪ್ಪಲು ನನಗೆ ಆಗುವುದಿಲ್ಲ. ಆಗಸ್ಟಿನಲ್ಲಿ ಮಳೆ ಬರುತ್ತದೆ ಅಂತ ಮಾರ್ಚಿನಲ್ಲಿ "ಪಕ್ಕಾ ಬರ್ತೀನಿ" ಅಂದಾಗ ಗೊತ್ತಿರಲಿಲ್ವಾ?

ಯಾರಿಗಾದರೂ ಹುಷಾರಿಲ್ಲ, ಮನೆಯಲ್ಲಿ ಸಾವಾಯಿತು ಅಂದರೆ ನಾನು ಒಂದು ಮಾತೂ ಆಡುವುದಿಲ್ಲ. ಅವರ ಪಾಲನ್ನು ಎಲ್ಲರೂ ಸೇರಿ ಹೊರೋಣ. ಇಲ್ಲಿ ಅದಲ್ಲ. ಬರುವ ಮನಸ್ಸು ಇರಲಿಲ್ಲ, ಬೇಡ ಅನ್ನಲು ಸಂಕೋಚ. ಆ ಸಂಕೋಚಕ್ಕೆ ದುಡ್ಡು ಕಟ್ಟುವವರು ಬೇರೆಯವರು.

ವಿಮಾನದ ವಿಷಯವೂ ಹಾಗೇ. ವೆಬ್‌ಸೈಟಿನಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 9 ಜನರಿಗಷ್ಟೇ ಟಿಕೆಟ್ ಮಾಡಬಹುದು. 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗ್ರೂಪ್ ಬುಕಿಂಗ್. ಮುಂಗಡ ಕಟ್ಟಿ ದರ ಹಿಡಿದಿಟ್ಟುಕೊಳ್ಳಬಹುದು, ಹೆಸರು ಆಮೇಲೆ ಕೊಟ್ಟರೂ ನಡೆಯುತ್ತದೆ. ಈಗ 11 ಇದ್ದೇವೆ. ಇನ್ನಿಬ್ಬರು ಕೈಕೊಟ್ಟರೆ ಅದೂ ಹೋಯಿತು. ಹೆಸರು ಹಾಕಿ ಟಿಕೆಟ್ ಆದಮೇಲೆ "ನನ್ನ ಬದಲು ತಮ್ಮ ಬರ್ತಾನೆ" ಅಂದರೆ ಆಗುವುದಿಲ್ಲ, ಇದು ಮಡಿಕೇರಿ ಬಸ್ಸಲ್ಲ. ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳು ಉಳಿದಿದೆಯಾ ನೋಡಿ ಅಂತ ಎಷ್ಟು ಸಲ ಬರೆದೆ. ಇನ್ನೂ ಇಬ್ಬರು ಉತ್ತರ ಕೊಟ್ಟಿಲ್ಲ.

ದುಡ್ಡು ಕಮ್ಮಿ ಮಾಡಲು ಕೋಚ್ ಬೇಡ, ಯೂಟ್ಯೂಬ್ ನೋಡಿ ಕಲಿಯೋಣ ಅಂತ ಇನ್ನೊಂದು ಸಲಹೆ ಬಂದಿದೆ. ಅದು ಸಾಧ್ಯವೇ ಇಲ್ಲ. ಹೊಳೆಯಲ್ಲಿ, ಕೆರೆಯಲ್ಲಿ ಈಜಿ ಬೆಳೆದವರು ನಾವು, ಆದರೆ ದಡದಿಂದ ಒಳಕ್ಕೆ ಎಳೆಯುವ ಸಮುದ್ರದ ಸೆಳೆತ ಬೇರೆ. ಊಟದಲ್ಲಿ ಉಳಿಸಿ, ರೂಮಿನಲ್ಲಿ ನಾಲ್ವರು ಮಲಗಿ. ನೀರಿನಲ್ಲಿ ಪಕ್ಕ ನಿಲ್ಲುವವರ ಸಂಬಳದಲ್ಲಿ ಉಳಿಸಬೇಡಿ.

ಮೇ ತಿಂಗಳಲ್ಲಿ ಮಂಗಳೂರಿನ ಹತ್ತಿರ ಮೂಲ್ಕಿ ಕಡೆ ಹೋಗಿ ಕಲಿತದ್ದು ಇದಕ್ಕೇ ಅಲ್ವಾ? 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ಸಸಿಹಿತ್ಲು ಅಲ್ಲೇ ಪಕ್ಕದಲ್ಲಿ, ಸಂಪಾಜೆ ಘಾಟಿ ಇಳಿದರೆ ನಮಗೆ ದೂರವೇನಲ್ಲ. ಅಲ್ಲಿ ನಮ್ಮ ಮಾವ, ವಯಸ್ಸು ಐವತ್ತು ದಾಟಿದೆ, ಉದ್ದದ ಫೋಮ್ ಬೋರ್ಡಿನ ಮೇಲೆ ಬೋರಲು ಮಲಗಿದ್ದರು. ಕೋಚ್ ಹಿಂದಿನಿಂದ ಬೋರ್ಡ್ ತಳ್ಳಿದ. ಎದೆ ಕೆಳಗೆ ಎರಡೂ ಅಂಗೈ ಊರಿ, ಒಂದು ಮಂಡಿ ಎಳೆದುಕೊಂಡು, ಎದ್ದೇ ಬಿಟ್ಟರು. ಕೈ ಚಾಚಿಕೊಂಡು ದಡದ ನೊರೆಯವರೆಗೂ ಬಂದು ಬಿದ್ದರು. ಎದ್ದವರು ಮಾತಾಡಲಿಲ್ಲ, ಕಾಲಿಗೆ ಕಟ್ಟಿದ ಹಗ್ಗ ಹಿಡಿದು ಬೋರ್ಡ್ ಎಳೆದುಕೊಂಡು ಮತ್ತೆ ಒಳಗೆ ನಡೆದರು. ಅವತ್ತು ನನಗೆ ಅಳು ಬಂತು, ನಿಜ ಹೇಳುತ್ತಿದ್ದೇನೆ. ಜೀವಮಾನವೆಲ್ಲ ತೋಟ, ಬ್ಯಾಂಕ್ ಸಾಲ, ಮಕ್ಕಳ ಫೀಸು ಅಂತ ಓಡಾಡಿದ ಮನುಷ್ಯ. ಅವರಿಗೆ ಇದು ಮೊದಲ ಪಾಸ್‌ಪೋರ್ಟ್. ಅವರ ಖುಷಿಯನ್ನು ಯಾರದ್ದೋ "ನೋಡೋಣ" ಹಾಳುಮಾಡುವುದು ನನಗೆ ಸಹಿಸಲು ಆಗುತ್ತಿಲ್ಲ.

"ಇಷ್ಟು ಜನರನ್ನು ಒಟ್ಟಿಗೆ ಕರ್ಕೊಂಡು ಹೋಗೋದು ಆಗದ ಮಾತು" ಅನ್ನುವವರಿಗೆ ಒಂದು ಮಾತು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಕೌಟುಂಬಿಕ ಹಾಕಿಗೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದವು. ಪ್ರತಿ ವರ್ಷ ಒಂದು ಕುಟುಂಬ ಹೊಣೆ ಹೊತ್ತು ನಡೆಸುತ್ತದೆ. ಅಷ್ಟು ದೊಡ್ಡ ಕೆಲಸ ಮಾಡುವ ಊರಿನವರು ನಾವು. 16 ಜನ ಸೇರಿ ಒಂದು ವಾರ ಸಮುದ್ರಕ್ಕೆ ಹೋಗಲು ಆಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಶುಕ್ರವಾರ ರಾತ್ರಿ ಒಂಬತ್ತರವರೆಗೆ ಕಾಯುತ್ತೇನೆ. ಅಷ್ಟರೊಳಗೆ ಟಿಕೆಟ್ ಹಣ ಪೂರ್ತಿ ಹಾಕಿದವರ ಹೆಸರು ಮಾತ್ರ ಹೋಗುತ್ತದೆ. ಬಿಟ್ಟುಹೋದವರ ಮುಂಗಡ ವಾಪಸ್ ಕೊಡುವುದಿಲ್ಲ, ಉಳಿದವರ ವ್ಯಾನ್ ಖರ್ಚಿಗೆ ಸೇರುತ್ತದೆ. ಬರಲು ಆಗದವರು ಇವತ್ತೇ "ಇಲ್ಲ" ಅಂತ ಬರೆಯಿರಿ, ನನಗೆ ಬೇಜಾರಿಲ್ಲ. ಸಣ್ಣ ಮನೆ ಒಂದನ್ನು ಆಗಲೇ ವಿಚಾರಿಸಿದ್ದೇನೆ, ಅವರು ಶನಿವಾರದವರೆಗೆ ಹಿಡಿದಿಡುತ್ತೇವೆ ಅಂದಿದ್ದಾರೆ.