ಹೊರೆ ಹಾಗೇ ಇದೆ, ಹೊರುವವರು ಬದಲಾಗಿದ್ದಾರೆ

ಪರ್ವತ ಪ್ರವಾಸದಿಂದ ಅಲ್ಲಿನ ಜನ ಉದ್ಧಾರ ಆದರೋ, ಹಾಳಾದರೋ ಅಂತ ಆಗಾಗ ವಾದ ನಡೆಯುತ್ತದೆ. ನನ್ನ ಪ್ರಕಾರ ಎರಡೂ ನಿಜ. ಆದರೆ ಉದ್ಧಾರ ಆದವರು ಬೇರೆ, ಸವೆಯುತ್ತಿರುವವರು ಬೇರೆ.

ಎವರೆಸ್ಟ್ ಬುಡದ ಖುಂಬು ಕಣಿವೆಯನ್ನೇ ನೋಡಿ. ಮೊದಲು ಅಲ್ಲಿನ ನಿವಾಸಿಗಳಾದ ಶೆರ್ಪಾಗಳ ಬದುಕು ಆಲೂಗಡ್ಡೆ, ಯಾಕ್, ಟಿಬೆಟ್ ವ್ಯಾಪಾರದ ಮೇಲೆ ನಿಂತಿತ್ತು. 1953ರಲ್ಲಿ ತೇನ್‌ಸಿಂಗ್, ಹಿಲರಿ ತುದಿ ಮುಟ್ಟಿದರು. 1961ರಲ್ಲಿ ಅಲ್ಲಿನ ಖುಮ್ಜುಂಗ್ ಹಳ್ಳಿಗೆ ಶಾಲೆ ಬಂತು, 1964ರಲ್ಲಿ ಲುಕ್ಲಾದಲ್ಲಿ ವಿಮಾನ ಇಳಿಯಲು ಜಾಗವಾಯಿತು. ಈಗ ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ಯುವ ಎಷ್ಟೋ ಕಂಪನಿಗಳಿಗೆ ಶೆರ್ಪಾಗಳೇ ಮಾಲೀಕರು. 2021ರ ಜನವರಿಯಲ್ಲಿ, ಚಳಿಗಾಲದಲ್ಲಿ ಯಾರಿಗೂ ಒಲಿಯದಿದ್ದ, ಜಗತ್ತಿನ ಎರಡನೇ ಅತಿ ಎತ್ತರದ ಕೆ2 ಶಿಖರವನ್ನು ಹತ್ತು ಜನ ನೇಪಾಳಿಗಳು ಹತ್ತಿದರು. ತುದಿಗೆ ಸ್ವಲ್ಪ ಕೆಳಗೆ ಒಬ್ಬರಿಗೊಬ್ಬರು ಕಾದು, ಒಟ್ಟಿಗೇ ಹೆಜ್ಜೆ ಇಟ್ಟರು. ಅಲ್ಲಿಯವರೆಗೆ ಬೇರೆಯವರಿಗೆ ಹಗ್ಗ ಕಟ್ಟಿಕೊಟ್ಟವರು ತಮಗೋಸ್ಕರ ಹತ್ತಿದ ಬೆಟ್ಟ ಅದು. ಖುಷಿಯ ವಿಷಯವೇ.

ಆದರೆ ಕೆಳಗಿನ ದಾರಿಯಲ್ಲಿ ಮೂಟೆ ಹೊರುತ್ತಿರುವವರು ಯಾರು? ತಗ್ಗಿನ ಊರುಗಳಿಂದ ಬಂದ ರಾಯ್, ತಮಾಂಗ್, ಮಗರ್ ಹುಡುಗರೇ ಜಾಸ್ತಿ. ನಾಮ್ಲೋ ಅನ್ನುವ ಪಟ್ಟಿಯನ್ನು ಹಣೆಗೆ ಕೊಟ್ಟು, ಬೆನ್ನ ಮೇಲೆ ಇಬ್ಬರು ಮೂವರ ಬ್ಯಾಗು ಹೊರುತ್ತಾರೆ. ಸುಸ್ತಾದರೆ ಸುಮ್ನೆ ಕೂತುಬಿಡೋಕಾಗಲ್ಲ, ಕೂತರೆ ಏಳೋದು ಕಷ್ಟ. ಟೋಕ್ಮಾ ಅನ್ನುವ ಗಿಡ್ಡ ಕೋಲನ್ನು ಹೊರೆಯ ಅಡಿಗೆ ಆನಿಸಿ, ನಿಂತಲ್ಲೇ ಉಸಿರು ಬಿಟ್ಟು ಮುಂದೆ ಹೋಗುತ್ತಾರೆ. ಬೆಟ್ಟದವರು, ಅವರಿಗೇನೂ ಆಗಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಅವರೂ ಕೆಳಗಿನಿಂದ ಬಂದವರೇ ಅಲ್ವಾ? ಎತ್ತರದಲ್ಲಿ ಗಾಳಿ ತೆಳುವಾಗಿ ಬರುವ ಕಾಯಿಲೆ ಅವರನ್ನೂ ಬಿಡಲ್ಲ.

ಗೈಡ್‌ಗಳ ಕೆಲಸವೂ ಹೂವಿನ ಹಾಸಿಗೆಯಲ್ಲ. 2014ರ ಏಪ್ರಿಲ್ 18ರಂದು ಎವರೆಸ್ಟ್ ದಾರಿಯ ಖುಂಬು ಐಸ್‌ಫಾಲ್ ಅನ್ನುವ, ಬಿರುಕು ಬಿಟ್ಟ ಮಂಜುಗಡ್ಡೆಯ ಇಳಿಜಾರಿನಲ್ಲಿ ಹಿಮ ಕುಸಿದು 16 ಜನ ಸತ್ತರು. ಅಷ್ಟೂ ಮಂದಿ ನೇಪಾಳಿ ಕೆಲಸಗಾರರು. ದುಡ್ಡು ಕೊಟ್ಟು ಹತ್ತಲು ಬಂದವರು ಆ ಜಾಗವನ್ನು ಕೆಲವೇ ಸಲ ದಾಟುತ್ತಾರೆ, ಸಾಮಾನು ಸಾಗಿಸುವವರು ಮತ್ತೆ ಮತ್ತೆ ದಾಟಬೇಕು. ಸರ್ಕಾರ ಮೊದಲು ಘೋಷಿಸಿದ್ದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ! ಸಿಟ್ಟೆದ್ದ ಶೆರ್ಪಾಗಳು ಹತ್ತಲ್ಲ ಅಂದರು. ತಂಡಗಳು ಗಂಟುಮೂಟೆ ಕಟ್ಟಿ ವಾಪಸಾದವು. ಆಮೇಲೆ ವಿಮೆಯ ಮೊತ್ತ ಏರಿತು.

ಆ ಬಲ ಮೂಟೆ ಹೊರುವ ಪೋರ್ಟರ್‌ಗಿಲ್ಲ. ಹಗ್ಗ ಕಟ್ಟುವವನು ಕೈಕಟ್ಟಿ ಕೂತರೆ ಯಾರೂ ಎವರೆಸ್ಟ್ ಹತ್ತಲ್ಲ. ಮೂಟೆ ಹೊರುವವನು ಒಲ್ಲೆ ಅಂದರೆ ಹಿಂದೆ ಇನ್ನೊಬ್ಬ ನಿಂತಿರುತ್ತಾನೆ. ಹೀಗಾಗಿ ಕಾನೂನೇ ಬೇಕು. ಪೆರು ದೇಶ 2001ರಲ್ಲೇ ಪೋರ್ಟರ್‌ಗಳಿಗಾಗಿ ಕಾನೂನು ಮಾಡಿತು, ಅಲ್ಲಿನ ಇಂಕಾ ಟ್ರೇಲ್ ಅನ್ನುವ ಚಾರಣದ ದಾರಿಯಲ್ಲಿ ಹೊರೆಯನ್ನು ತೂಗುತ್ತಾರೆ. ಆಫ್ರಿಕಾದ ಕಿಲಿಮಂಜಾರೋ ಬೆಟ್ಟದಲ್ಲೂ 20 ಕಿಲೋ ಮಿತಿ ಇದೆ. ತೂಕ ಆದ ಮೇಲೆ ಮೂಟೆ ಬದಲಾಯಿಸುವ ಕಳ್ಳಾಟದ ದೂರುಗಳೂ ಇವೆ, ಆ ಮಾತು ಬೇರೆ.

ಇನ್ನು ಅಗ್ಗದ ಪ್ಯಾಕೇಜ್ ಹುಡುಕುವ ನಮ್ಮ ಚಾಳಿ. ಅಲ್ಲಿ ಉಳಿದ ದುಡ್ಡು ಸಾಮಾನ್ಯವಾಗಿ ಮಾಲೀಕನ ಜೇಬಿನಿಂದ ಹೋಗಿರುವುದಿಲ್ಲ. ಬುಕ್ ಮಾಡುವಾಗ ರೂಮು, ಊಟ, ವೈಫೈ ಎಲ್ಲ ವಿಚಾರಿಸುತ್ತೇವೆ. ಪೋರ್ಟರ್ ಎಷ್ಟು ಕಿಲೋ ಹೊರುತ್ತಾನೆ, ರಾತ್ರಿ ಎಲ್ಲಿ ಮಲಗುತ್ತಾನೆ, ವಿಮೆ ಇದೆಯಾ ಅಂತಲೂ ಕೇಳಿ. ಕಂಪನಿಯವರು ತಡವರಿಸಿದರೆ ಬೇರೆ ಕಡೆ ನೋಡಿಕೊಳ್ಳಿ.