ಫ್ಲೆಕ್ಸಿನಲ್ಲಿ ಕುಳಿತ ಮಂಗ

ಜನವರಿಯ ಕೊನೆಯ ವಾರ ಕಲಬುರಗಿಯ ನಮ್ಮ ಬಡಾವಣೆಯ ಕೂಡುರಸ್ತೆಯಲ್ಲಿ ಒಂದು ಫ್ಲೆಕ್ಸ್ ಎದ್ದು ನಿಂತಿತು. ಅದರಲ್ಲಿ ಒಟ್ಟು ಹನ್ನೆರಡು ಮುಖಗಳಿದ್ದವು. ಹನ್ನೊಂದು ನಾಯಕರವು, ಒಂದು ಮಂಗನದು. ನಾಯಕರೆಲ್ಲರೂ ಕೈಮುಗಿದು ನಗುತ್ತಿದ್ದರು, ಮಂಗ ಮಾತ್ರ ಸಂದರ್ಭಕ್ಕೆ ತಕ್ಕ ಗಾಂಭೀರ್ಯದಿಂದ ಕುಳಿತಿತ್ತು. ‘ಮಂಕಿಪಾಕ್ಸ್ ಮಹಾಮಾರಿ: ಎಚ್ಚರ, ಎಚ್ಚರ!’ ಎಂಬ ಕೆಂಪಕ್ಷರಗಳ ಕೆಳಗೆ ‘ಮಂಗಗಳಿಂದ ದೂರವಿರಿ’ ಎಂಬ ಆದೇಶವಿತ್ತು. ಎಲ್ಲಕ್ಕಿಂತ ಕೆಳಗೆ, ಗೇಣಗಲದ ಬಿಳಿ ಪಟ್ಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ರೋಗಿ ಬಳಸಿದ ಬಟ್ಟೆ, ಹಾಸಿಗೆ, ಟವೆಲ್‌ಗಳನ್ನು ಬೇರೆಯವರು ಬಳಸಬಾರದು’ ಎಂದು ಬರೆದಿತ್ತು. ಈ ಸಾಲನ್ನು ಓದಲು ನಾನು ಚರಂಡಿಯ ಕಟ್ಟೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರಬೇಕಾಯಿತು. ಇಡೀ ಫ್ಲೆಕ್ಸಿನಲ್ಲಿ ನಿಜವೆಂದು ಹೇಳಬಹುದಾದ ಮಾತು ಅದೊಂದೇ ಆಗಿದ್ದುದರಿಂದ ಆ ಶ್ರಮ ವ್ಯರ್ಥವಾಗಲಿಲ್ಲ.

ಹಿನ್ನೆಲೆ ಓದುಗರಿಗೆ ಗೊತ್ತೇ ಇದೆ. ಜನವರಿ 2025ರಲ್ಲಿ ದುಬೈಯಿಂದ ಮಂಗಳೂರಿಗೆ ಬಂದಿಳಿದ 40 ವರ್ಷದ ಒಬ್ಬರಿಗೆ ಎಂಪಾಕ್ಸ್, ಅಂದರೆ ಮೊದಲು ಮಂಕಿಪಾಕ್ಸ್ ಎನ್ನುತ್ತಿದ್ದ ರೋಗ, ತಗಲಿರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಆ ಸಂಜೆಯೇ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ನಿವೃತ್ತ ಅಧಿಕಾರಿಗಳು, ‘ಊರಿನ ಹೆಸರಿನಾಗೇ ಮಂಗ ಅದ, ಇನ್ನ ಮಂಗ್ಯಾನ ಜಡ್ಡು ಅಲ್ಲಿಗಿ ಬರದ ಎಲ್ಲಿಗಿ ಬರ್ತದ?’ ಎಂದು ಬರೆದರು. ಮಂಗಳಾದೇವಿ ಅವರನ್ನು ಕ್ಷಮಿಸಲಿ. ಆ ಸಂದೇಶಕ್ಕೆ ನಲವತ್ತಕ್ಕೂ ಹೆಚ್ಚು ನಗುಮುಖಗಳು ಬಿದ್ದವು, ಅವುಗಳಲ್ಲಿ ಒಂದು ನನ್ನದೂ ಆಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಫ್ಲೆಕ್ಸಿನಲ್ಲಿ ಕುಳಿತ ಆ ಮಂಗನ ಪರವಾಗಿ ಇಲ್ಲಿ ಎರಡು ಮಾತು ಹೇಳಲೇಬೇಕಾಗಿದೆ, ಏಕೆಂದರೆ ಅದರ ಪರವಾಗಿ ಹೇಳಿಕೆ ನೀಡಲು ಯಾವ ಪಕ್ಷದ ವಕ್ತಾರರೂ ಇಲ್ಲ. 1958ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಪ್ರಯೋಗಾಲಯವೊಂದರಲ್ಲಿ, ಸಂಶೋಧನೆಗೆಂದು ಏಷ್ಯಾದಿಂದ ಪಂಜರದಲ್ಲಿ ಹೊತ್ತುತಂದಿದ್ದ ಕೋತಿಗಳ ಮೈಮೇಲೆ ಗುಳ್ಳೆಗಳೆದ್ದವು. ಕಾಡಿನಿಂದ ಎಳೆದುತಂದು, ಸಮುದ್ರ ದಾಟಿಸಿ, ಪಂಜರಕ್ಕೆ ತಳ್ಳಿ, ಯಾವುದೋ ರೋಗವನ್ನು ಅಂಟಿಸಿಕೊಳ್ಳುವಂತೆ ಮಾಡಿ, ಕೊನೆಗೆ ಆ ರೋಗಕ್ಕೆ ಅವುಗಳ ಹೆಸರನ್ನೇ ಇಟ್ಟರು. ಕಳವಾದ ಮನೆಯವನನ್ನೇ ಕಳ್ಳನೆಂದು ಠಾಣೆಯಲ್ಲಿ ಕೂರಿಸುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆಯೆಂದು ನಾನು ತಿಳಿದಿದ್ದೆ. ಈ ವೈರಾಣುವಿನ ತವರು ಆಫ್ರಿಕಾದ ಅಳಿಲು, ಇಲಿಗಳಂಥ ದಂಶಕಗಳಲ್ಲಿರಬೇಕೆಂಬುದು ವಿಜ್ಞಾನಿಗಳ ಬಲವಾದ ಗುಮಾನಿ. 2003ರಲ್ಲಿ ಅಮೆರಿಕಕ್ಕೆ ಇದು ಹೋಗಿದ್ದೂ ಘಾನಾದಿಂದ ತರಿಸಿಕೊಂಡ ದೊಡ್ಡ ಇಲಿಗಳ ಜೊತೆಗೇ. ಮುದ್ದಿಗೆಂದು ಮಾರಲು ಅವುಗಳ ಪಕ್ಕದಲ್ಲಿ ಇಟ್ಟಿದ್ದ ಪ್ರೇರಿ ನಾಯಿಗಳಿಗೆ ರೋಗ ತಗಲಿತು, ಅವುಗಳನ್ನು ಕೊಂಡು ಮನೆಗೊಯ್ದವರಿಗೆ ಗುಳ್ಳೆಗಳೆದ್ದವು. ಪ್ರೇರಿ ನಾಯಿಯೂ ನಾಯಿಯಲ್ಲ, ಅದೊಂದು ಬಗೆಯ ಅಳಿಲು. ಹೆಸರಿಡುವ ವಿಷಯದಲ್ಲಿ ಅಮೆರಿಕದವರೂ ನಮ್ಮ ಪಾಲಿಕೆಯವರಷ್ಟೇ ಪರಿಣತರು.

ಕನ್ನಡಿಗರಾದ ನಾವಂತೂ ಮಂಗನ ಮೇಲೆ ಮೊದಲೇ ಎರಡು ಮೊಕದ್ದಮೆ ಹೂಡಿ ಕುಳಿತವರು. ಕೆನ್ನೆ ಊದಿದರೆ ಅದು ಮಂಗನಬಾವು, ಮಂಗನಿಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಊದಿದ ಮುಖ ಮಂಗನಂತೆ ಕಂಡಿತು ಎಂಬುದಷ್ಟೇ ಸಾಕ್ಷ್ಯ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದದ್ದು ಮಂಗನಕಾಯಿಲೆ. ಅದನ್ನು ಹರಡುವುದು ಉಣುಗು, ಮನುಷ್ಯನಿಗಿಂತ ಮೊದಲು ಸತ್ತು ಬಿದ್ದು ಎಚ್ಚರಿಕೆ ಕೊಡುವುದು ಮಂಗ. ಹೀಗಿರುವಾಗ ಮೂರನೆಯದಾಗಿ ಮಂಕಿಪಾಕ್ಸ್ ಬಂದರೆ ಯಾರು ಯಾವುದೆಂದು ವಿಚಾರಿಸಲು ಹೋಗುತ್ತಾರೆ? ನಮ್ಮ ಸ್ಥಳೀಯ ಕೇಬಲ್ ವಾಹಿನಿಯೊಂದು ಎಂಪಾಕ್ಸ್ ಸುದ್ದಿಗೆ ಮಲೆನಾಡಿನ ಕಾಡು, ಉಣುಗು, ಸತ್ತ ಮಂಗ ಇವುಗಳ ಚಿತ್ರಗಳನ್ನೆಲ್ಲ ತೋರಿಸಿ, ಕೊನೆಗೆ ಕೈ ತೊಳೆದುಕೊಳ್ಳಿ ಎಂದು ಹೇಳಿ ತಾನೂ ಕೈ ತೊಳೆದುಕೊಂಡಿತು. ನಗುವ ಹಾಗೂ ಇಲ್ಲ. 2022ರ ಆಗಸ್ಟ್‌ನಲ್ಲಿ ಬ್ರೆಜಿಲ್ ದೇಶದ ಸಾವೊ ಪಾವ್ಲೊ ರಾಜ್ಯದಲ್ಲಿ ಈ ಹೆಸರನ್ನೇ ನಂಬಿ ಜನರು ಮಂಗಗಳಿಗೆ ವಿಷವಿಕ್ಕಿದರು, ಕಲ್ಲು ಬೀಸಿದರು. ಆ ವರ್ಷ ರೋಗ ಜಗತ್ತನ್ನು ಸುತ್ತುತ್ತಿದ್ದದ್ದು ಮನುಷ್ಯರಿಂದ ಮನುಷ್ಯರಿಗೆ, ಚರ್ಮಕ್ಕೆ ಚರ್ಮ ತಾಗಿ.

ಇದನ್ನೆಲ್ಲ ಕಂಡು ವಿಶ್ವ ಆರೋಗ್ಯ ಸಂಸ್ಥೆಯು 28 ನವೆಂಬರ್ 2022ರಂದು ರೋಗಕ್ಕೆ ‘ಎಂಪಾಕ್ಸ್’ ಎಂದು ಮರುನಾಮಕರಣ ಮಾಡಿತು. ಮಂಗನನ್ನು ಬಿಡುಗಡೆ ಮಾಡಿದರೂ ಅದರ ಮೊದಲಕ್ಷರವನ್ನು ಜಾಮೀನಿಗೆ ಇಟ್ಟುಕೊಂಡಂತಾಯಿತು. ಹೆಸರು ಬದಲಾವಣೆಯ ಬಗ್ಗೆ ಮಾತನಾಡುವ ಅಧಿಕಾರ ಭೂಮಂಡಲದಲ್ಲಿ ಯಾರಿಗಾದರೂ ಇದ್ದರೆ ಅದು ನಮಗೇ ಇದೆ. 1 ನವೆಂಬರ್ 2014ರಂದು ಗುಲಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು, ಆದರೂ ವಿಶ್ವವಿದ್ಯಾಲಯ ಗುಲಬರ್ಗಾದ್ದಾಗಿಯೇ ಉಳಿಯಿತು, ಮೇ ತಿಂಗಳ ಬಿಸಿಲು ಯಾವ ಗೆಜೆಟ್ ಅಧಿಸೂಚನೆಗೂ ಕಿವಿಗೊಡಲಿಲ್ಲ, ಕಲ್ಯಾಣವು ನಾಮಫಲಕದಿಂದ ಕೆಳಗಿಳಿದು ಚರಂಡಿಯವರೆಗೆ ಬರಲು ಇನ್ನೂ ಸಮಯ ಕೇಳುತ್ತಿದೆ. ಆದ್ದರಿಂದ ‘ಎಂಪಾಕ್ಸ್’ ಎಂಬ ಹೆಸರು ನಮ್ಮ ಕೂಡುರಸ್ತೆಯ ಫ್ಲೆಕ್ಸ್‌ಗೆ ತಲುಪಲು ಎರಡು ವರ್ಷ ಸಾಲಲಿಲ್ಲವೆಂದು ಜಿನೀವಾದಲ್ಲಿ ಕುಳಿತ ಆ ಸಂಸ್ಥೆಯವರು ಬೇಸರಪಟ್ಟುಕೊಳ್ಳಬಾರದು.

ಇನ್ನು ನಮ್ಮ ಓಣಿಯ ಮಾತಿಗೆ ಬರುತ್ತೇನೆ. ಫ್ಲೆಕ್ಸ್ ಎದ್ದ ನಾಲ್ಕನೆಯ ದಿನ, ಹಿಂದಿನ ಸಾಲಿನ ಒಂಟಿ ಕೋಣೆಯ ಬಾಡಿಗೆ ಮನೆಗೆ, ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಹುಡುಗನೊಬ್ಬ ಜ್ವರದಿಂದ ಮರಳಿ ಬಂದ. ಮರುದಿನ ಅವನ ಎದೆ, ಬೆನ್ನಿನ ಮೇಲೆ ನೀರುಗುಳ್ಳೆಗಳೆದ್ದವು. ಮಂಗಳೂರು, ಜ್ವರ, ಗುಳ್ಳೆ. ಇನ್ನು ಪುಣೆಯ ಪ್ರಯೋಗಾಲಯದ ಅಗತ್ಯವಾದರೂ ಏನಿತ್ತು? ಓಣಿಯು ಅರ್ಧ ಗಂಟೆಯಲ್ಲಿ ವರದಿ ನೀಡಿತು. ಬೀದಿ ನಳದಲ್ಲಿ ಆ ಮನೆಯ ಕೊಡವನ್ನು ಸಾಲಿನಿಂದ ಹೊರಗಿಟ್ಟರು. ಮನೆಯ ಮಾಲೀಕರು ನನ್ನ ಬಳಿ ಬಂದು, ‘ಸರ, ನೀವ ಹೇಳ್ರಿ, ಮಂಗ್ಯಾನ ಜಡ್ಡಿನವನ್ನ ಇಟ್ಕೊಂಡ್ರ ಉಳಿದ ಬಾಡಿಗಿಯವರು ನಿಲ್ತಾರೇನು? ಮಂಗ ಇಲ್ಲ ಅಂತ ಡಾಕ್ಟರ್ ಕಡಿಂದ ಬರಸ್ಕೊಂಡು ಬರ್ಲಿ, ಇರ್ಲಿ’ ಎಂದರು. ಮಂಗ ಇಲ್ಲವೆಂಬ ಪ್ರಮಾಣಪತ್ರವನ್ನು ಯಾವ ನಮೂನೆಯಲ್ಲಿ ಕೊಡುತ್ತಾರೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಹುಡುಗನ ತಾಯಿ ಮಾತ್ರ ಬೇವಿನ ಟೊಂಗೆ ಹಿಡಿದು ಬಾಗಿಲಲ್ಲೇ ನಿಂತು, ‘ಯಪ್ಪಾ, ಇದು ಅಮ್ಮ ಬಂದಾಳ. ನನ್ನ ಉಳಿದ ಮೂರು ಮಕ್ಕಳಿಗಿ ಬಂದು ಹೋಗ್ಯಾಳ, ಇವನೊಬ್ಬನೇ ಉಳಿದಿದ್ದ, ನನಗ ಗೊತ್ತಾಗಂಗಿಲ್ಲೇನು?’ ಎಂದು ಹೇಳುತ್ತಲೇ ಇದ್ದರು.

ವೈದ್ಯರು ನೋಡಿದರು. ಎಂಪಾಕ್ಸ್ ಆದವರಲ್ಲಿ ಸಾಮಾನ್ಯವಾಗಿ ಕುತ್ತಿಗೆ, ಕಂಕುಳು, ತೊಡೆಸಂದಿನ ಗ್ರಂಥಿಗಳು ಊದಿಕೊಳ್ಳುತ್ತವೆ, ಇವನಿಗೆ ಊದಿರಲಿಲ್ಲ. ಎಂಪಾಕ್ಸಿನ ಗುಳ್ಳೆ ಆಳವಾಗಿ, ಗಟ್ಟಿಯಾಗಿ, ನಡುವೆ ಹೊಕ್ಕುಳಿನಂತೆ ಕುಳಿಬಿದ್ದು, ಅಂಗೈ ಅಂಗಾಲುಗಳಲ್ಲೂ ಏಳಬಹುದು. ಇವನ ಗುಳ್ಳೆಗಳು ಮೇಲ್ಮೇಲೆ ತೇಲಿದಂತಿದ್ದವು, ಒಂದೇ ಬೆನ್ನಿನಲ್ಲಿ ಕೆಲವು ಈಗಷ್ಟೇ ಎದ್ದಿದ್ದರೆ ಕೆಲವು ಆಗಲೇ ಒಣಗಿ ಹೊಪ್ಪಳೆಯಾಗುತ್ತಿದ್ದವು, ಅಂಗೈಗಳು ಸ್ವಚ್ಛವಾಗಿದ್ದವು. ವೈದ್ಯರು ಚೀಟಿಯಲ್ಲಿ ಚಿಕನ್‌ಪಾಕ್ಸ್ ಎಂದು ಬರೆದರು. ಅಂದರೆ ಸೀತಾಳೆ ಸಿಡುಬು, ಅದು ಕೋಳಿಯದೂ ಅಲ್ಲ, ಸಿಡುಬಿನ ವಂಶದ್ದೂ ಅಲ್ಲ, ಹರ್ಪಿಸ್ ಕುಟುಂಬದ ವೈರಾಣುವಿನದು. 1980ರಲ್ಲಿ ಜಗತ್ತಿನಿಂದ ನಿರ್ಮೂಲವಾಯಿತೆಂದು ಘೋಷಿಸಿದ ಆ ಹಳೆಯ ಸಿಡುಬಿನ ನಿಜವಾದ ದಾಯಾದಿ ಎಂಪಾಕ್ಸ್. ನನ್ನ ವಯಸ್ಸಿನವರ ತೋಳಿನ ಮೇಲಿರುವ ಕಾಸಿನಗಲದ ಕಲೆಯ ಸಿಡುಬಿನ ಲಸಿಕೆ ಎಂಪಾಕ್ಸಿಗೂ ಒಂದಿಷ್ಟು ತಡೆಯಾಗಬಲ್ಲದು.

ಅನಂತರ ನಡೆದದ್ದನ್ನು ನಾನು ಕಣ್ಣಾರೆ ಕಂಡಿರದಿದ್ದರೆ ನಂಬುತ್ತಿರಲಿಲ್ಲ. ಮಂಗ ಅಲ್ಲ, ಅಮ್ಮ ಎಂದು ತಿಳಿದ ಸಂಜೆಯೇ ಇಡೀ ಓಣಿ ಆ ಒಂಟಿ ಕೋಣೆಗೆ ನುಗ್ಗಿತು. ಮೊಸರನ್ನ ಬಂತು, ತೆಂಗಿನಕಾಯಿ ಬಂತು, ಕೊಡವನ್ನು ಸಾಲಿನಿಂದ ಹೊರಗಿಟ್ಟ ಹೆಣ್ಣುಮಗಳೇ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಕೈಮುಗಿದು ಹೋದಳು. ಎಂಪಾಕ್ಸ್ ತಗಲಬೇಕಾದರೆ ಗುಳ್ಳೆಯನ್ನು ಮುಟ್ಟಬೇಕು, ಮೈಗೆ ಮೈ ತಾಗಬೇಕು, ರೋಗಿಯ ಹಾಸಿಗೆ ಬಟ್ಟೆಗಳನ್ನು ಬಳಸಬೇಕು, ಇಲ್ಲವೇ ಮುಖಕ್ಕೆ ಮುಖ ಕೊಟ್ಟು ಹೆಚ್ಚು ಹೊತ್ತು ಕೂರಬೇಕು. ಸೀತಾಳೆಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ, ಅದು ಗಾಳಿಯಲ್ಲೇ ಸಲೀಸಾಗಿ ಹರಡುತ್ತದೆ. ಸುಲಭವಾಗಿ ಹತ್ತದ, ಅದೂ ಅಲ್ಲಿ ಇಲ್ಲವೇ ಇಲ್ಲದ ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡವರು, ಸುಲಭವಾಗಿ ಹತ್ತುವ ರೋಗ ಇದೆಯೆಂದು ಖಚಿತವಾದ ಕೂಡಲೇ ಮಕ್ಕಳು ಮರಿಗಳೊಂದಿಗೆ ದರ್ಶನಕ್ಕೆ ಬಂದರು. ಮೂರು ವಾರದೊಳಗೆ ನಾಲ್ಕು ಮನೆಗಳ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು.

ಮಾರ್ಚ್ 2020ರಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮದೇ ಊರಿನ ಹಿರಿಯರೊಬ್ಬರದು. ಆ ವಾರ ನಾನು ಕೆಲಸದ ಮೇಲೆ ಬೇರೊಂದು ನಗರಕ್ಕೆ ಹೋಗಿದ್ದೆ. ವಸತಿಗೃಹದ ಗುಮಾಸ್ತ ನನ್ನ ಗುರುತಿನ ಚೀಟಿಯಲ್ಲಿ ಊರಿನ ಹೆಸರನ್ನು ಓದಿ, ಚೀಟಿಯನ್ನು ಎರಡು ಬೆರಳುಗಳ ತುದಿಯಲ್ಲಿ ಹಿಡಿದು ಮೇಜಿನ ಮೇಲೆ ಸರಿಸಿ, ಕೋಣೆ ಖಾಲಿಯಿಲ್ಲ ಎಂದ. ಅವನ ಬೆನ್ನ ಹಿಂದೆ ಕೀಲಿಕೈಗಳು ಸಾಲಾಗಿ ತೂಗುತ್ತಿದ್ದವು. ಊರಿನ ಹೆಸರೇ ರೋಗದ ಹೆಸರಾದರೆ ಹೇಗಿರುತ್ತದೆಂದು ಕಲಬುರಗಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ನಾವೇ ಐದು ವರ್ಷ ತುಂಬುವ ಮೊದಲು ಒಬ್ಬ ಕೂಲಿ ಹುಡುಗನ ಕೊಡವನ್ನು ಸಾಲಿನಿಂದ ಎತ್ತಿಟ್ಟೆವು. ಇದರಲ್ಲಿ ವ್ಯಂಗ್ಯ ಮಾಡಲು ಏನೂ ಉಳಿದಿಲ್ಲ, ನನಗೆ ನಾಚಿಕೆಯಾಗುತ್ತದೆ. ಆ ಹುಡುಗನಿಗೆ ನಿಜಕ್ಕೂ ಎಂಪಾಕ್ಸ್ ಆಗಿದ್ದರೆ ಏನಾಗುತ್ತಿತ್ತು? ಎರಡರಿಂದ ನಾಲ್ಕು ವಾರ, ಕೊನೆಯ ಹೊಪ್ಪಳೆ ಉದುರಿ ಹೊಸ ಚರ್ಮ ಬರುವವರೆಗೆ, ಪ್ರತ್ಯೇಕ ಕೋಣೆಯಲ್ಲಿರಬೇಕೆಂದು ಸಲಹೆ ಕೊಡುತ್ತಾರೆ. ಐದು ಜನ ಮಲಗುವ ಒಂದೇ ಕೋಣೆಯಲ್ಲಿ ಪ್ರತ್ಯೇಕ ಕೋಣೆಯನ್ನು ಎಲ್ಲಿಂದ ತರುವುದು? ನಾಲ್ಕು ವಾರದ ಕೂಲಿಯನ್ನು ಯಾರು ಕೊಡುತ್ತಾರೆ? ಹನ್ನೊಂದು ನಾಯಕರಲ್ಲಿ ಒಬ್ಬರಾದರೂ ಇದಕ್ಕೆ ಉತ್ತರ ಬರೆಸಿದ್ದರೆ ಅವರ ಹಲ್ಲುಗಳನ್ನು ನಾನು ಸಂತೋಷದಿಂದ ನೋಡುತ್ತಿದ್ದೆ. ದೊಡ್ಡವರ ಲೋಕವೂ ಹೀಗೆಯೇ ನಡೆಯುತ್ತದೆ. ಮನುಷ್ಯನಲ್ಲಿ ಈ ರೋಗ ಮೊದಲು ಗುರುತಿಸಲ್ಪಟ್ಟದ್ದು 1970ರಲ್ಲಿ, ಕಾಂಗೋ ದೇಶದ ಒಂಬತ್ತು ತಿಂಗಳ ಕೂಸಿನಲ್ಲಿ. ಆ ದೇಶಕ್ಕೆ ಲಸಿಕೆಯ ಮೊದಲ ದೊಡ್ಡ ಕಂತು ವಿಮಾನದಿಂದ ಇಳಿದದ್ದು ಸೆಪ್ಟೆಂಬರ್ 2024ರಲ್ಲಿ. ನಡುವಿನ ಐವತ್ತನಾಲ್ಕು ವರ್ಷಗಳಲ್ಲಿ ಬಹುಪಾಲು ಕಾಲ ರೋಗವು ಹೆಚ್ಚಾಗಿ ಬಡವರ ಮನೆಗಳಲ್ಲೇ ಇದ್ದುದರಿಂದ ಯಾರಿಗೂ ಅವಸರವಿರಲಿಲ್ಲ.

ಹುಡುಗ ಗುಣವಾಗಿ ಮಂಗಳೂರಿಗೆ ಮರಳಿದ್ದಾನೆ. ವೈದ್ಯರ ಚೀಟಿಯನ್ನು ಮಾಲೀಕರು ಬಾಡಿಗೆ ಕರಾರಿನ ಜೊತೆಗೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆಂದು ಕೇಳಿದೆ. ಫ್ಲೆಕ್ಸ್ ಒಂದು ರಾತ್ರಿಯ ಗಾಳಿಗೆ ಹರಿದು ಬಿದ್ದಿತು. ಮೊನ್ನೆ ಗಂಜ್‌ಗೆ ಹೊರಟಿದ್ದ ತೊಗರಿ ಚೀಲಗಳ ಟ್ರ್ಯಾಕ್ಟರ್ ಒಂದರ ಮೇಲೆ ಅದನ್ನೇ ಹೊದಿಸಿ ಹಗ್ಗ ಬಿಗಿದಿದ್ದರು. ಏಳು ನಾಯಕರು ಮತ್ತು ಮಂಗ ಇನ್ನೂ ಚೆನ್ನಾಗಿ ಕಾಣುತ್ತಿದ್ದರು. ಅಳತೆಗೆ ಹೆಚ್ಚಾಯಿತೆಂದು ಚಾಲಕ ಕೆಳಗಿನ ಗೇಣಗಲದ ಬಿಳಿ ಪಟ್ಟಿಯನ್ನು ಮಾತ್ರ ಕತ್ತರಿಸಿ, ಅದರಿಂದ ಸೀಟು ಒರೆಸುತ್ತಿದ್ದ.